ಸ್ನೋಮೊಬೈಲ್ ಸೀಟು ಎರಡು ಇಂಚು ಎತ್ತರಿಸಿ ಗಟ್ಟಿ ಮಾಡಬೇಕು, ಮಾಡಿದವರು ಅನುಭವ ಹೇಳಿ

ಉದ್ದಕಾಲು

ನನ್ನ ಎತ್ತರ 188 ಸೆಂ.ಮೀ. ಹಿಮದ ಮೇಲೆ ಓಡಿಸುವ ನನ್ನ ಸ್ನೋಮೊಬೈಲ್, ಅಂದರೆ ಸ್ಲೆಡ್‌ಗೆ ಎಂಟು ವರ್ಷ. ಕೂತರೆ ಮಂಡಿ ತೀರಾ ಮಡಚಿಕೊಳ್ಳುತ್ತದೆ. ಎದ್ದು ನಿಲ್ಲಬೇಕಾದಾಗಲೆಲ್ಲ ಹ್ಯಾಂಡಲ್ ಹಿಡಿದು ಮೈ ಎಳೆದುಕೊಂಡು ಏಳಬೇಕು. ಫೋಮ್ ಕೂಡ ಸೋತಿದೆ. ಒಂದು ಗಂಟೆ ಓಡಿಸಿದರೆ ಕೆಳಗಿನ ಪ್ಲಾಸ್ಟಿಕ್ ತಳ ಮೂಳೆಗೆ ತಗಲುತ್ತದೆ. ಎರಡು ಇಂಚು ಎತ್ತರ ಬೇಕು, ಸ್ವಲ್ಪ ಗಟ್ಟಿಯೂ ಆಗಬೇಕು. ಹೆಂಡತಿ ಹಿಂದೆ ಕೂರುತ್ತಾಳೆ, ಅವಳಿಗೂ ಸರಿಹೋಗಬೇಕು. ಹೊಸ ಫೋಮ್ ಹಳೆಯದರ ಮೇಲೆ ಹಾಕಬೇಕೋ, ಕೆಳಗೋ? ಇದೇ ನನ್ನ ಮುಖ್ಯ ಪ್ರಶ್ನೆ.

ಮೂರನೇ ಸಲ

ಸರ್, ಇದನ್ನು ನಾನು ಮೂರು ಸಲ ಮಾಡಿದ್ದೇನೆ. ಪೂರ್ತಿ ಹೇಳುತ್ತೇನೆ, ನೀವಾದರೂ ಉಳಿದುಕೊಳ್ಳಿ.

ಮೊದಲ ಸಲ ಮೆಮೊರಿ ಫೋಮ್ ಹಾಕಿದೆ. ಮನೆಯೊಳಗೆ ಕೂತು ನೋಡಿದಾಗ ಬಹಳ ಚೆನ್ನಾಗಿತ್ತು. ಹೊರಗೆ ಮೈನಸ್ 22 ಡಿಗ್ರಿ. ಅರ್ಧ ಗಂಟೆ ನಿಲ್ಲಿಸಿ ಬಂದು ಕೂತರೆ ಹಲಗೆ! ಮೆಮೊರಿ ಫೋಮ್ ಮೆತ್ತಗಾಗುವುದೇ ಮೈಬಿಸಿಗೆ. ಚಳಿಯಲ್ಲಿ ಅದು ಬಿಗಿದುಕೊಳ್ಳುತ್ತದೆ. ಅಷ್ಟು ದಪ್ಪದ ಪ್ಯಾಂಟು ದಾಟಿ ಮೈಬಿಸಿ ಅದಕ್ಕೆ ತಲುಪುವುದೂ ಇಲ್ಲ. ಉಬ್ಬುತಗ್ಗಿನ ದಾರಿಯಲ್ಲಿ 60 ಕಿ.ಮೀ. ಓಡಿಸಿ ಬಂದೆ. ಬಾಲಮೂಳೆ ಎರಡು ವಾರ ನೋಯಿತು.

ಎರಡನೇ ಸಲ "ಹೈ ಡೆನ್ಸಿಟಿ ಫೋಮ್ ಕೊಡಿ" ಅಂದೆ, ಕೊಟ್ಟರು. ಅದೂ ಕುಗ್ಗಿತು. ಆಮೇಲೆ ಗೊತ್ತಾಯಿತು, ಡೆನ್ಸಿಟಿ ಬೇರೆ, ಗಟ್ಟಿತನ ಬೇರೆ. ಡೆನ್ಸಿಟಿ ಅಂದರೆ ಒಂದು ಘನ ಮೀಟರ್‌ ಫೋಮ್ ಎಷ್ಟು ತೂಗುತ್ತದೆ ಅನ್ನುವ ಲೆಕ್ಕ. ಅದು ಜಾಸ್ತಿ ಇದ್ದರೆ ಫೋಮ್ ಬೇಗ ಸೋಲುವುದಿಲ್ಲ, ಅಷ್ಟೇ. ಗಟ್ಟಿತನಕ್ಕೆ ಐಎಲ್‌ಡಿ ಅಂತ ಬೇರೆ ಅಂಕಿ ಇದೆ. ನಾಲ್ಕು ಇಂಚಿನ ಫೋಮನ್ನು ದುಂಡು ತಟ್ಟೆಯಲ್ಲಿ ಒತ್ತಿ ಕಾಲು ಭಾಗ ಕುಗ್ಗಿಸಲು ಎಷ್ಟು ಬಲ ಬೇಕು ಅನ್ನುವುದು ಅದು. ನನಗೆ ಕೊಟ್ಟದ್ದು ತೂಕದ ಫೋಮ್, ಆದರೆ ಮೆತ್ತನೆಯದು. ನಾನು ಕೇಳಿದ್ದೇ ತಪ್ಪು, ಕೊಟ್ಟವರೂ ಏನಕ್ಕೆ ಅಂತ ವಿಚಾರಿಸಲಿಲ್ಲ.

ಅದರ ಮೇಲೆ ನೀರು. ಹೊಲಿಗೆಯ ಸೂಜಿ ತೂತಿನಿಂದ ಕರಗಿದ ಹಿಮ ಒಳಗೆ ಇಳಿಯಿತು. ಸಾಮಾನ್ಯ ಫೋಮ್ ಸ್ಪಂಜಿನ ಹಾಗೆ ಕುಡಿಯುತ್ತದೆ, ರಾತ್ರಿ ಹೆಪ್ಪುಗಟ್ಟುತ್ತದೆ. ಸೀಟು ಬಿಚ್ಚಿ ತೂಗಿದೆ, 3.4 ಕೆ.ಜಿ. ಜಾಸ್ತಿ ಇತ್ತು. ಒಣಗಲು ನಾಲ್ಕು ದಿನ ಬೇಕಾಯಿತು.

ಮೂರನೇ ಸಲಕ್ಕೆ ನಿಂತಿತು. ತಳಕ್ಕೆ 40 ಮಿ.ಮೀ. ರೀಬಾಂಡ್ ಫೋಮ್, ಅಂದರೆ ಚೂರುಗಳನ್ನು ಒತ್ತಿ ಕೂಡಿಸಿದ ಬಣ್ಣಬಣ್ಣದ ಗಟ್ಟಿ ಫೋಮ್. ಅದರ ಮೇಲೆ ನೀರು ಕುಡಿಯದ ಕ್ಲೋಸ್ಡ್ ಸೆಲ್ ಫೋಮ್ 10 ಮಿ.ಮೀ. ಮೇಲಿನ ಪದರ ಮೆತ್ತನೆಯದು. ಎಲ್ಲಕ್ಕೂ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ, ಆಮೇಲೆ ಕವರ್.

ಲೆಕ್ಕ ಬರೆದಿಟ್ಟಿದ್ದೇನೆ. ಫೋಮ್ ಶೀಟು 5, ಸ್ಪ್ರೇ ಅಂಟು 7 ಡಬ್ಬ, ಕವರ್ 2, ಸ್ಟೇಪ್ಲರ್ 2, ಮೊಂಡಾದ ಬ್ಲೇಡು 11, ಹಾಳಾದ ಶನಿವಾರಗಳು 9. ಎಲ್ಲ ಸೇರಿದರೆ ರೆಡಿ ಸಿಗುವ ಎತ್ತರದ ಸೀಟಿಗಿಂತ ಕಾಲು ಪಾಲು ಹೆಚ್ಚೇ ಆಯಿತು. ಆದರೂ ಈಗ 200 ಕಿ.ಮೀ. ಓಡಿಸಿ ಇಳಿದರೆ ನೆಟ್ಟಗೆ ನಡೆಯುತ್ತೇನೆ.

ಬೆಟ್ಟದ ದಾರಿ

ಸೀಟು ಎತ್ತರಿಸುವುದೇ ತಪ್ಪು ಅಂತ ನನ್ನ ಅಭಿಪ್ರಾಯ. ನಾನು ನನ್ನದನ್ನು 50 ಮಿ.ಮೀ. ಕೊಯ್ದು ತಗ್ಗಿಸಿದ್ದೇನೆ, ಅಗಲವೂ ಕಮ್ಮಿ ಮಾಡಿದ್ದೇನೆ. ಆಳವಾದ ಹಿಮದಲ್ಲಿ, ಇಳಿಜಾರಿಗೆ ಅಡ್ಡ ಹೋಗುವಾಗ ದಿನವಿಡೀ ನಿಂತೇ ಓಡಿಸಬೇಕು. ಒಂದು ಕಾಲು ಈ ಕಡೆಯಿಂದ ಆ ಕಡೆ ದಾಟಿಸಬೇಕು. ಎತ್ತರದ ಸೀಟು ಇದ್ದರೆ ಬೂಟು ತಗಲುತ್ತದೆ. ನನಗೆ ತಗಲಿತ್ತು. ಸ್ಲೆಡ್ ಮಗುಚಿ ಇಳಿಜಾರಿನಲ್ಲಿ 30 ಮೀಟರ್ ಉರುಳಿತು. ಹುಡ್, ಗಾಜು, ಒಂದು ಸ್ಕೀ, ಸ್ಕೀಯನ್ನು ಹಿಡಿದಿಡುವ ಎಡಗಡೆಯ ಎ-ಆರ್ಮ್ ಎಲ್ಲ ಹೋಯಿತು. ರಿಪೇರಿಗೆ ಐದು ವಾರ, ಅಂದರೆ ಆ ಸೀಸನ್ನೇ ಮುಗಿಯಿತು. ಅವತ್ತೇ ಚಾಕು ತೆಗೆದುಕೊಂಡೆ. ಕೂತು ಓಡಿಸುವ ಅಭ್ಯಾಸ ಬಿಡಿ, ನಿಂತು ಓಡಿಸುವುದು ಕಲಿಯಿರಿ. ಮಂಡಿನೋವು ತಾನಾಗಿ ಹೋಗುತ್ತದೆ.

ಮಂಡಿ ಆಪರೇಷನ್

"ಮಂಡಿನೋವು ತಾನಾಗಿ ಹೋಗುತ್ತದೆ" ಅಂತ ಬರೆಯುವ ಮೊದಲು ಸ್ವಲ್ಪ ಯೋಚನೆ ಮಾಡಿ ಮಾರಾಯ್ರೇ. ನನಗೆ ಎರಡೂ ಮಂಡಿ ಆಪರೇಷನ್ ಆಗಿದೆ. 52 ವಯಸ್ಸು. ದಿನವಿಡೀ ನಿಲ್ಲುವುದು ನಿಮ್ಮ ಕಾಲಿಗೆ ಆಗಬಹುದು, ನನ್ನದಕ್ಕೆ ಆಗುವುದಿಲ್ಲ.

ಸೀಟು ಎತ್ತರಿಸಿದ್ದರಿಂದಲೇ ನಾನು ಮತ್ತೆ ಹಿಮಕ್ಕೆ ಇಳಿದೆ. ತಗ್ಗು ಸೀಟಿನಿಂದ ಏಳುವುದೂ ನೆಲದ ಮೇಲೆ ಕೂತು ಏಳುವುದೂ ಒಂದೇ. ಎತ್ತರದ ಸೀಟಿನಿಂದ ಏಳುವುದು ಕುರ್ಚಿಯಿಂದ ಎದ್ದ ಹಾಗೆ. ಉಬ್ಬು ಬಂದಾಗ ಸುಮ್ನೆ ಸ್ವಲ್ಪ ಮುಂದೆ ಬಾಗಿದರೆ ಸಾಕು, ಮೈ ಎದ್ದಿರುತ್ತದೆ. ಒಂದು ದಿನದಲ್ಲಿ ಎಷ್ಟು ಉಬ್ಬು ಬರುತ್ತದೆ ಹೇಳಿ? ಪ್ರತಿ ಸಲ ಆ ಮಡಚು ಕಮ್ಮಿಯಾದರೆ ಮಂಡಿಗೆ ಎಷ್ಟು ಉಳಿತಾಯ!

ಆದರೆ ಒಂದು ಪೆಟ್ಟು ತಿಂದೆ, ಅದನ್ನೂ ಹೇಳಬೇಕು. ನಾನು 75 ಮಿ.ಮೀ. ಎತ್ತರಿಸಿದೆ, ಹ್ಯಾಂಡಲ್ ಹಾಗೇ ಬಿಟ್ಟೆ. ಕೈ ಕೆಳಗೆ ಹೋಯಿತು, ಬೆನ್ನು ಬಾಗಿತು. ಹೆಲ್ಮೆಟ್ ಸ್ಲೆಡ್ಡಿನ ಮುಂದಿನ ಗಾಜಿಗಿಂತ ಮೇಲೆ ಬಂತು, ಗಾಳಿ ನೇರ ಮುಖಕ್ಕೆ. ಆಮೇಲೆ ಹ್ಯಾಂಡಲ್‌ಗೆ ರೈಸರ್, ಅಂದರೆ ಅದನ್ನು ಎತ್ತರಿಸುವ ತುಂಡು, ಹಾಕಿಸಿದೆ. ರೈಸರ್ ಹಾಕಿದರೆ ಬ್ರೇಕ್ ಪೈಪ್ ಉದ್ದ ಸಾಲಲಿಲ್ಲ, ಥ್ರಾಟಲ್ ಕೇಬಲ್ ಬಿಗಿಯಾಯಿತು. ಅವೂ ಹೊಸದು. ನಂತರ ಎತ್ತರದ ಗಾಜು. ಸೀಟಿಗೆ ಖರ್ಚಾದ ನಾಲ್ಕರಷ್ಟು ಈ ಬಾಲಕ್ಕೆ ಆಯಿತು. ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಕೇಬಲ್ ಎಳೆಯುತ್ತದೋ ನೋಡದೆ ಯಾರೂ ಹೊರಡಬೇಡಿ. ಗ್ಯಾರೇಜಿನಲ್ಲಿ ನಿಂತಿದ್ದಾಗಲೇ ನನ್ನ ಎಂಜಿನ್ ರೇಸ್ ಆಗಿತ್ತು, ದಾರಿಯಲ್ಲಿ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಬೆಟ್ಟದ ದಾರಿ

ನಿಮ್ಮ ಮಂಡಿ ವಿಷಯ ನನಗೆ ಗೊತ್ತಿರಲಿಲ್ಲ, ಕ್ಷಮಿಸಿ. ಆದರೆ ನೀವೇ ಬರೆದಿದ್ದೀರಿ, ಸೀಟು ಎತ್ತರಿಸಿ ನಾಲ್ಕು ಪಟ್ಟು ಖರ್ಚಾಯಿತು ಅಂತ. ನಾನು ಹೇಳಿದ್ದೂ ಅದೇ ಅಲ್ವಾ?

ಮಂಡಿ ಆಪರೇಷನ್

ಅಲ್ಲ. ಅಳತೆ ನೋಡದೆ ಎತ್ತರಿಸಿದ್ದು ತಪ್ಪು. ಎತ್ತರಿಸಿದ್ದು ತಪ್ಪಲ್ಲ. ಎರಡೂ ಒಂದೇ ಮಾಡಬೇಡಿ.

ಸ್ಪ್ರಿಂಗ್ ನೋಡಿ

ಎಲ್ಲರೂ ಫೋಮ್ ಫೋಮ್ ಅನ್ನುತ್ತಿದ್ದೀರಿ. ನಾನು ಎರಡು ವರ್ಷ ಸೀಟನ್ನೇ ಬೈದುಕೊಂಡು ಓಡಾಡಿದೆ. ಒಂದು ಸೀಟು ಹೊಲಿಸಿದೆ, ಆಮೇಲೆ ಹೊಸ ಸೀಟೇ ಕೊಂಡೆ. ತಳ ತಗಲುವುದು ನಿಲ್ಲಲಿಲ್ಲ. ಕೊನೆಗೆ ನೋಡಿದರೆ ಹಿಂದಿನ ಸಸ್ಪೆನ್ಷನ್ ಸ್ಪ್ರಿಂಗೇ ಸಡಿಲವಿತ್ತು. ನನ್ನ ತೂಕ 104 ಕೆ.ಜಿ., ಸ್ಪ್ರಿಂಗಿನ ಬಿಗಿ ಹೊಂದಿಸುವ ಕ್ಯಾಮ್ ಇನ್ನೂ ಅತಿ ಕಮ್ಮಿ ಬಿಗಿಯಲ್ಲಿ ಕೂತಿತ್ತು. ಹಿಂದಿನ ಬಂಪರ್ ಎತ್ತಿ ನೆಲದಿಂದ ಎಷ್ಟು ಅಂತ ಅಳೆಯಿರಿ. ಬಟ್ಟೆ, ಬೂಟು, ಹೆಲ್ಮೆಟ್ ಎಲ್ಲ ಹಾಕಿಕೊಂಡು ಕೂತು ಮತ್ತೆ ಅಳೆಯಿರಿ. ಎಷ್ಟು ಕುಗ್ಗುತ್ತದೆ ಗೊತ್ತಾಗುತ್ತದೆ. ನನ್ನದು ಹೆಚ್ಚೂಕಮ್ಮಿ ಪೂರ್ತಿ ಕೂತುಬಿಡುತ್ತಿತ್ತು. ಕ್ಯಾಮ್ ತಿರುಗಿಸಲು 10 ನಿಮಿಷ, ಖರ್ಚು ಏನೂ ಇಲ್ಲ. ಎರಡು ಸೀಟಿನ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮೂರನೇ ಸಲ

ನನ್ನ ಸಸ್ಪೆನ್ಷನ್ ಸರಿ ಇತ್ತು. ಅಳತೆ ಮಾಡಿಯೇ ಶುರು ಮಾಡಿದ್ದು. ಎಲ್ಲರ ತೊಂದರೆಯೂ ನಿಮ್ಮದೇ ಅಲ್ಲ.

ಸೂಜಿದಾರ

ನಾನು ಸೀಟ್ ಕವರ್ ಹೊಲಿಯುವ ಕೆಲಸ ಮಾಡುತ್ತೇನೆ. ಮೇಲಿನದೆಲ್ಲ ಓದಿದೆ. ಬೇಜಾರಾಯಿತು. ಫೋಮ್ ಬಗ್ಗೆ ಇಷ್ಟು ಬರೆದವರು ಕವರ್ ಬಗ್ಗೆ ಒಂದು ಮಾತೂ ಬರೆದಿಲ್ಲ. ಮನೆಯಲ್ಲಿ ಮಾಡಿ ಕೆಡಿಸಿದ ಸೀಟುಗಳು ನನ್ನ ಮೇಜಿಗೇ ಬರುತ್ತವೆ. "ಇಷ್ಟೊಂದು ದುಡ್ಡು ಯಾಕೆ ಆಗುತ್ತದೆ ಅಕ್ಕಾ" ಅಂತ ಕೇಳುತ್ತಾರೆ. ಹೊಸ ಕೆಲಸಕ್ಕಿಂತ ಕೆಟ್ಟದ್ದನ್ನು ಬಿಚ್ಚುವುದಕ್ಕೆ ಹೊತ್ತು ಜಾಸ್ತಿ ಬೇಕು, ಅದಕ್ಕೆ.

ಫೋಮ್ ಎರಡು ಇಂಚು ಏರಿದರೆ ಹಳೇ ಕವರ್ ತಳಕ್ಕೆ ತಲುಪುವುದಿಲ್ಲ. ಎಳೆದು ಎಳೆದು ಪಿನ್ ಹೊಡೆಯುತ್ತಾರೆ. ಎಳೆದ ಕವರ್ ಫೋಮನ್ನು ಒತ್ತಿಬಿಡುತ್ತದೆ, ಏರಿಸಿದ ಎತ್ತರದಲ್ಲಿ ಅರ್ಧ ಅಲ್ಲೇ ಹೋಯಿತು. ಚಳಿಗೆ ಬಂದಾಗ ಹೊಲಿಗೆ ಬಿರಿಯುತ್ತದೆ. ಪಕ್ಕದ ಪಟ್ಟಿಯನ್ನು ಬಿಚ್ಚಿ ಅಷ್ಟೇ ಎತ್ತರದ ತುಂಡು ಸೇರಿಸಿ ಹೊಲಿಯಬೇಕು. ಬಟ್ಟೆ ಆರಿಸುವಾಗ ಎಷ್ಟು ಚಳಿಗೆ ಬಿರುಕು ಬಿಡುತ್ತದೆ ಅನ್ನುವ ಅಂಕಿ ಕೇಳಿ. ದೋಣಿಗೆ ಹಾಕುವ ರೆಕ್ಸಿನ್ ನೀರಿಗೆ ಗಟ್ಟಿ, ಆದರೆ ಎಲ್ಲವೂ ಮೈನಸ್ 30ಕ್ಕೆ ತಡೆಯುವುದಿಲ್ಲ. ಕೂರುವ ಜಾಗದ ಮಧ್ಯೆ ಹೊಲಿಗೆ ಬರಲೇಬಾರದು. ಬಂದ ಹೊಲಿಗೆಗೆಲ್ಲ ಒಳಗಿನಿಂದ ಸೀಲ್ ಟೇಪ್ ಹಾಕಿ.

ಇನ್ನು ಪಿನ್. ತಳ ಪ್ಲಾಸ್ಟಿಕ್, ಕಾಗದಕ್ಕೆ ಹೊಡೆಯುವ ಸ್ಟೇಪ್ಲರ್ ಅದಕ್ಕೆ ನಾಟುವುದಿಲ್ಲ. ಗಾಳಿ ಒತ್ತಡದ್ದು ಬೇಕು. 6 ಮಿ.ಮೀ. ಪಿನ್ ಸಾಕು. 10 ಮಿ.ಮೀ. ಹೊಡೆದವರ ಸೀಟಿನಲ್ಲಿ ಪಿನ್ ತುದಿ ಫೋಮ್ ಒಳಗೆ ನಿಂತಿತ್ತು. ಸ್ಟೇನ್‌ಲೆಸ್ ಪಿನ್ ಆಗಿರಲಿ. ಮಾಮೂಲಿ ಪಿನ್ ತುಕ್ಕು ಹಿಡಿದು ಕವರ್ ಕಳಚಿಕೊಂಡ ಸೀಟು ಕಳೆದ ಸೀಸನ್‌ನಲ್ಲೇ ಆರು ಬಂದಿವೆ.

ಮೂರನೇ ಸಲ

ಅಕ್ಕಾ, ನಾನು ಮೊದಲು ಕೊಟ್ಟದ್ದೇ ಹೊಲಿಯುವವರ ಹತ್ತಿರ. ಏಳು ವಾರ ಕಾಯಿಸಿ ಸೀಲ್ ಇಲ್ಲದ ಹೊಲಿಗೆ ಹಾಕಿ ಕೊಟ್ಟರು. ನೀರು ಕುಡಿದದ್ದು ಅದೇ ಕವರ್. ಆಮೇಲೆ ನಾನೇ ಕಲಿತೆ. ಮನೆಯಲ್ಲಿ ಮಾಡುವವರೆಲ್ಲ ಕೆಡಿಸುತ್ತಾರೆ ಅನ್ನಬೇಡಿ.

ಸೂಜಿದಾರ

ಕೆಟ್ಟ ಕೆಲಸ ಮಾಡಿದವರ ಪರ ನಾನು ಮಾತಾಡುತ್ತಿಲ್ಲ. ನಿಮ್ಮ ಮೂರನೇ ಸೀಟಿನ ಪದರಗಳು ಸರಿಯಾಗಿವೆ, ಅದನ್ನು ಒಪ್ಪುತ್ತೇನೆ. ಅಂಟು ಮಾತ್ರ ಹೇಗೆ ಹಾಕಿದಿರಿ? ಏಳು ಡಬ್ಬ ಅಂದರೆ ತೀರಾ ಜಾಸ್ತಿ. ದಪ್ಪಗೆ ಬಿದ್ದ ಅಂಟು ಚಳಿಗೆ ಗಟ್ಟಿ ಪೊರೆಯಾಗುತ್ತದೆ. ಮೇಲಿನ ಪದರ ತೆಳುವಿದ್ದರೆ ಆ ಗೆರೆ ಕೂತವರಿಗೆ ಗೊತ್ತಾಗುತ್ತದೆ.

ಮೂರನೇ ಸಲ

ಏಳು ಡಬ್ಬ ಮೂರೂ ಸಲದ್ದು ಸೇರಿ. ಕೊನೆಯ ಸಲ ಒಂದೂವರೆ ಅಷ್ಟೇ. ಎರಡೂ ಕಡೆ ತೆಳುವಾಗಿ ಹಾಕಿ, ಕೈಗೆ ಅಂಟುವಷ್ಟು ಒಣಗಲು ಬಿಟ್ಟು ಕೂಡಿಸಿದೆ.

ಗ್ರೈಂಡರ್

ಫೋಮ್ ಕೊಯ್ಯಲು ಬ್ಲೇಡ್ ಬಳಸಬೇಡಿ, ಅಲೆಅಲೆ ಬರುತ್ತದೆ. ಮಾಂಸ ಕೊಯ್ಯುವ ಕರೆಂಟ್ ಚಾಕು ಬೆಣ್ಣೆ ಕೊಯ್ದ ಹಾಗೆ ಹೋಗುತ್ತದೆ. ಆಮೇಲೆ ಗ್ರೈಂಡರ್‌ಗೆ ಒರಟು ಉಪ್ಪು ಕಾಗದದ ಚಕ್ರ ಹಾಕಿ ಮೂಲೆಗಳನ್ನು ಉಜ್ಜಿ. ನನ್ನ ಸೀಟು ನೋಡಿದವರು ಕಂಪನಿಯದ್ದೇ ಅಂದುಕೊಂಡರು.

ಮಂಡಿ ಆಪರೇಷನ್

ಅಂಟು ಹಾಕಿದ ಕೋಣೆಯಲ್ಲೇ ಗ್ರೈಂಡರ್ ತಿರುಗಿಸಬೇಡಿ ಅಂತಲೂ ಬರೆಯಿರಿ. ಆ ಅಂಟಿನ ಆವಿಗೆ ಕಿಡಿ ಸಾಕು. ಫೋಮ್ ಪುಡಿಯೂ ಹೊತ್ತಿಕೊಳ್ಳುತ್ತದೆ. ಮಾಸ್ಕ್ ಇಲ್ಲದೆ ಆ ಪುಡಿ ಕುಡಿದು ನಾನು ಮೂರು ದಿನ ಕೆಮ್ಮಿದ್ದೇನೆ.

ಗ್ರೈಂಡರ್

ಇಷ್ಟು ವರ್ಷ ನನಗೇನೂ ಆಗಿಲ್ಲ.

ಮಂಡಿ ಆಪರೇಷನ್

ಆಗಿದ್ದರೆ ಬರೆಯಲು ನೀವು ಇರುತ್ತಿರಲಿಲ್ಲ. ಹೊಸಬರು ಓದುತ್ತಾರೆ, ಜವಾಬ್ದಾರಿ ಇರಲಿ.

ಉದ್ದಕಾಲು

ಎಲ್ಲರಿಗೂ ಧನ್ಯವಾದ. ಜಗಳ ಬೇಡ. ನನ್ನ ಪ್ರಶ್ನೆ ಇನ್ನೂ ಹಾಗೇ ಇದೆ. ಫೋಮ್ ಮೇಲೋ, ಕೆಳಗೋ? ಹಿಂದೆ ಕೂರುವವರಿಗೆ ಏನು ಮಾಡಬೇಕು?

ಸೂಜಿದಾರ

ಕೆಳಗೆ. ಗಟ್ಟಿಯದು ಯಾವಾಗಲೂ ತಳದಲ್ಲಿ, ಮೆತ್ತನೆಯದು ಮೇಲೆ. ಆಗ ಮೇಲಿನ ಆಕಾರವೂ ಉಳಿಯುತ್ತದೆ. ಆದರೆ ನಿಮ್ಮ ಹಳೇ ಫೋಮ್ ಸೋತಿದೆ ಅಂದಿರಿ. ಹೆಬ್ಬೆರಳಿನಿಂದ ಒತ್ತಿ ಬಿಡಿ. ತಕ್ಷಣ ಮೇಲೆ ಬರದಿದ್ದರೆ ಅದನ್ನು ಉಳಿಸಿ ಉಪಯೋಗವಿಲ್ಲ. ಮುಂದಿನ ತುದಿ ಟ್ಯಾಂಕಿಗೆ ಸೇರುವಲ್ಲಿ ಮೆಟ್ಟಿಲು ಬರಬಾರದು, ಅಲ್ಲಿ ಓರೆ ಮಾಡಿ ಸೊನ್ನೆಗೆ ಇಳಿಸಿ. ನಿಮ್ಮವರು ಕೂರುವ ಹಿಂಭಾಗವನ್ನೂ ಅಷ್ಟೇ ಎತ್ತರಿಸಿದರೆ ಅವರ ಕಾಲು ಪಾದದ ಹಲಗೆಗೆ ಎಟುಕುತ್ತದೋ ಮೊದಲು ನೋಡಿ. ಹಿಡಿಕೆಯೂ ತಗ್ಗಿದ ಹಾಗೆ ಆಗುತ್ತದೆ.

ಸ್ಪ್ರಿಂಗ್ ನೋಡಿ

ಇಬ್ಬರು ಕೂರುವುದಾದರೆ ಸ್ಪ್ರಿಂಗ್ ಬಿಗಿಯನ್ನು ಇಬ್ಬರ ತೂಕಕ್ಕೆ ಇಡಬೇಕು. ನಾನು ಮೊದಲೇ ಹೇಳಿದ್ದೆ.

ಉದ್ದಕಾಲು

ನಿನ್ನೆ ಒಂದು ಪರೀಕ್ಷೆ ಮಾಡಿದೆ. ಟೆಂಟಿನಲ್ಲಿ ಹಾಸುವ ಕ್ಲೋಸ್ಡ್ ಸೆಲ್ ಚಾಪೆಯನ್ನು ಮಡಚಿ ಸೀಟಿನ ಮೇಲೆ ಪಟ್ಟಿ ಬಿಗಿದು 50 ಮಿ.ಮೀ. ಏರಿಸಿ ಓಡಿಸಿದೆ. ಏಳುವುದು ಸಲೀಸು. ಆದರೆ ಹೆಲ್ಮೆಟ್ ಮೇಲಕ್ಕೆ ಗಾಳಿ ಹೊಡೆಯಿತು. ಒಂದು ಮಡಿಕೆ ತೆಗೆದು 35ಕ್ಕೆ ಇಳಿಸಿದೆ, ಗಾಳಿ ನಿಂತಿತು, ಕೈಯೂ ಸರಿಯಾಗಿ ಕೂತಿತು. ಹೆಂಡತಿಗೆ 35 ಕೂಡ ಜಾಸ್ತಿ, ಪಾದ ತೂಗುತ್ತಿತ್ತು. ಆದ್ದರಿಂದ ಹಿಂದೆ 15ರ ಹಾಗೆ ಓರೆ ಇಳಿಸುತ್ತೇನೆ. ಸ್ಪ್ರಿಂಗ್ ಕ್ಯಾಮ್ ಕೂಡ ಒಂದು ಹಂತ ತಿರುಗಿಸಿದೆ. ತಳ ತಗಲುವುದು ಕಮ್ಮಿಯಾಯಿತು, ಪೂರ್ತಿ ಹೋಗಲಿಲ್ಲ. ಫೋಮ್ ಬದಲಿಸಲೇಬೇಕು. ಈ ಶನಿವಾರ ಬಿಚ್ಚುತ್ತೇನೆ.

ಬೆಟ್ಟದ ದಾರಿ

35 ಆದರೆ ನನ್ನ ಅಡ್ಡಿ ಇಲ್ಲ. ಆದರೆ ಬೆಟ್ಟಕ್ಕೆ ಬಂದಾಗ ಹುಷಾರು.

ಮೂರನೇ ಸಲ

ಪಿನ್ ಕೀಳುವಾಗ ಕನ್ನಡಕ ಹಾಕಿಕೊಳ್ಳಿ, ತುಕ್ಕು ಹಿಡಿದದ್ದು ತುಂಡಾಗಿ ಸಿಡಿಯುತ್ತದೆ. ಹೊಸ ಕವರ್ ಹಾಕುವ ಹಿಂದಿನ ರಾತ್ರಿ ಅದನ್ನು ಬೆಚ್ಚಗಿನ ಕೋಣೆಯಲ್ಲಿ ಇಡಿ. ಮೊದಲು ಮುಂದೆ ಹಿಂದೆ ಹೊಡೆದು ಆಮೇಲೆ ಪಕ್ಕಗಳು, ನಡುವಿನಿಂದ ಮೂಲೆಯ ಕಡೆಗೆ.

ಸೂಜಿದಾರ

ಹಳೇ ಕವರ್ ಹರಿಯದೆ ಬಿಚ್ಚಿ. ಪ್ರತಿ ತುಂಡಿನ ಮೇಲೂ ಸೀಮೆಸುಣ್ಣದಲ್ಲಿ ಎಡ, ಬಲ, ಮುಂದೆ ಅಂತ ಬರೆದಿಡಿ. ಹೊಸದು ಕತ್ತರಿಸಲು ಅದೇ ನಿಮ್ಮ ಅಳತೆ.