ನಕ್ಷತ್ರ ನೋಡಿ ಹಡಗು ನಡೆಸುವ ರೋಗ್‌ಲೈಕ್: ಅದೃಷ್ಟದ ಆಟ ಆಗದಂತೆ ಮಾಡುವುದು ಹೇಗೆ?

ಪ್ರಶ್ನೆ: ಯೆಮೆನ್‌ನ ಬಂದರು ಏಡನ್‌ನಿಂದ ಮಂಗಳೂರಿಗೆ ಹಾಯಿ ಹಡಗು ನಡೆಸುವ ಪುಟ್ಟ ರೋಗ್‌ಲೈಕ್ ಆಟ (ಪ್ರತಿ ಸಲ ಹೊಸದಾಗಿ ಹುಟ್ಟುವ ಲೋಕ, ಸೋತರೆ ಮೊದಲಿನಿಂದ ಶುರು), ಪೈಥಾನ್‌ನಲ್ಲಿ. ಕಾಲ ಸುಮಾರು 1500. ಹಡಗು ಎಲ್ಲಿದೆ ಅಂತ ಪರದೆ ಹೇಳುವುದಿಲ್ಲ, ನಕ್ಷತ್ರ ಅಳೆದು ಆಟಗಾರರೇ ತಿಳಿಯಬೇಕು. ಮುಳುಗಿದರೆ ಮೊದಲಿನಿಂದ. ಆಡಿದವರು "ಬರೀ ಅದೃಷ್ಟ" ಅನ್ನುತ್ತಿದ್ದಾರೆ. ಸದ್ಯ ಪ್ರತಿ ಆಟಕ್ಕೂ ಆಕಾಶವೇ ಹೊಸದಾಗಿ ಹುಟ್ಟುತ್ತದೆ. ತಪ್ಪೆಲ್ಲಿ?

ಉತ್ತರ 1: ತಪ್ಪು ಅಲ್ಲೇ ಇದೆ. ಆಕಾಶವನ್ನು ರ‍್ಯಾಂಡಮ್ ಮಾಡಬೇಡಿ. ಹತ್ತು ಸಲ ಮುಳುಗಿದವರ ಕೈಯಲ್ಲಿ ಉಳಿಯುವ ಒಂದೇ ಆಸ್ತಿ ಆಕಾಶದ ಪರಿಚಯ, ಅದನ್ನೂ ಕಿತ್ತುಕೊಂಡರೆ ಕಲಿಯಲು ಏನೂ ಇರುವುದಿಲ್ಲ. ಮೋಡ, ಗಾಳಿ, ಕಡಲಿನ ಹರಿವು, ನೀರಿನ ಪೀಪಾಯಿ ಸೋರುವುದು, ಇವು ಮಾತ್ರ ದಾಳದ ಪಾಲು.

ಲೆಕ್ಕ ದೊಡ್ಡದಲ್ಲ. ಯೇಲ್ ಬ್ರೈಟ್ ಸ್ಟಾರ್ ಕೆಟಲಾಗ್‌ನಿಂದ ಕಾಂತಿಮಾನ 3.5ಕ್ಕಿಂತ ಪ್ರಕಾಶಮಾನವಾದ (ಅಂಕಿ ಕಡಿಮೆಯಾದಷ್ಟೂ ಹೊಳಪು ಹೆಚ್ಚು) ನಕ್ಷತ್ರಗಳನ್ನು ಆರಿಸಿ, ಮುನ್ನೂರರ ಆಸುಪಾಸು ಸಿಗುತ್ತವೆ. ಗ್ರೀನ್‌ವಿಚ್ ನಾಕ್ಷತ್ರಿಕ ಕಾಲ (ನಕ್ಷತ್ರಗಳ ಎದುರು ಭೂಮಿ ಎಷ್ಟು ತಿರುಗಿದೆ ಎಂಬ ಕೋನ, ಡಿಗ್ರಿಯಲ್ಲಿ) = 280.46 + 360.9856473 × ಜೆ2000ರಿಂದ (2000ದ ಜನವರಿ 1ರ ನಡುಹಗಲಿನಿಂದ) ಕಳೆದ ದಿನಗಳು. ಅದಕ್ಕೆ ಪೂರ್ವ ರೇಖಾಂಶ ಕೂಡಿಸಿ, ವಿಷುವದಂಶ (ಆಕಾಶದಲ್ಲಿ ನಕ್ಷತ್ರದ ರೇಖಾಂಶ) ಕಳೆದರೆ ಹೋರಾಕೋನ, ಅಂದರೆ ನಕ್ಷತ್ರ ನಡುಗೆರೆ ದಾಟಿ ಎಷ್ಟು ಸರಿದಿದೆ ಎಂಬ ಕೋನ. ಕ್ರಾಂತಿ ಅಂದರೆ ಆಕಾಶದಲ್ಲಿ ನಕ್ಷತ್ರದ ಅಕ್ಷಾಂಶ, ಎತ್ತರ ಅಂದರೆ ಕ್ಷಿತಿಜದಿಂದ ಮೇಲಿರುವ ಕೋನ. ಎತ್ತರದ ಸೈನ್ = ಸೈನ್ ಅಕ್ಷಾಂಶ × ಸೈನ್ ಕ್ರಾಂತಿ + ಕಾಸ್ ಅಕ್ಷಾಂಶ × ಕಾಸ್ ಕ್ರಾಂತಿ × ಕಾಸ್ ಹೋರಾಕೋನ. ಎಡವುವುದು ಮೂರೇ ಕಡೆ: ವಿಷುವದಂಶ ಗಂಟೆಗಳಲ್ಲಿದೆ ಎಂಬುದು ಮರೆತು 15ರಿಂದ ಗುಣಿಸದಿರುವುದು, ಡಿಗ್ರಿಯನ್ನು ರೇಡಿಯನ್‌ಗೆ ಬದಲಿಸದಿರುವುದು, ದಿಕ್ಕು ಕಂಡುಹಿಡಿಯಲು ಎಟಾನ್2 (atan2) ಬದಲು ಎಟಾನ್ (atan) ಬಳಸುವುದು. ಕೊನೆಯದಾದರೆ ಪಡುವಣದಲ್ಲಿ ಮುಳುಗಬೇಕಾದ ನಕ್ಷತ್ರ ಮೂಡಣದಲ್ಲಿ ಕಾಣುತ್ತದೆ. ಪರೀಕ್ಷೆಗೆ ಇಂದಿನ ದಿನಾಂಕ ಕೊಡಿ: ಮಂಗಳೂರಿನಲ್ಲಿ ಶ್ರವಣ ನಕ್ಷತ್ರ ಉತ್ತರದಿಂದ ಬಲಕ್ಕೆ ಸುಮಾರು 81 ಡಿಗ್ರಿ ದಿಕ್ಕಿನಲ್ಲಿ, ಅಂದರೆ ಪೂರ್ವದಿಂದ ತುಸು ಬಡಗಕ್ಕೆ ಮೂಡಬೇಕು.

ಉತ್ತರ 2: ಮೇಲಿನದು ಸರಿ, ಆದರೆ 1500 ಅಂದಮೇಲೆ ಅಯನಚಲನೆ (ಭೂಮಿಯ ಅಕ್ಷ ನಿಧಾನವಾಗಿ ದಿಕ್ಕು ಬದಲಿಸುವುದು) ಬಿಡುವಂತಿಲ್ಲ. ಇಂದು ಧ್ರುವ ನಕ್ಷತ್ರ ಉತ್ತರ ಧ್ರುವಬಿಂದುವಿನಿಂದ ಮುಕ್ಕಾಲು ಡಿಗ್ರಿಯೊಳಗಿದೆ, ಆಗ ಸುಮಾರು ಮೂರೂವರೆ ಡಿಗ್ರಿ ದೂರವಿತ್ತು. ಹಾಗಾಗಿ ಅದರ ಎತ್ತರ ಒಂದೇ ದಿನದಲ್ಲಿ 7 ಡಿಗ್ರಿ ಏರಿಳಿಯುತ್ತಿತ್ತು. ಧ್ರುವದ ಎತ್ತರದಿಂದಲೇ ಅಕ್ಷಾಂಶ ತಿಳಿಯುವುದರಿಂದ ಕಡಲಿನಲ್ಲಿ ಅದು 420 ನಾಟಿಕಲ್ ಮೈಲಿಯ ವ್ಯತ್ಯಾಸ. ಧ್ರುವ ತೀರಾ ಕೆಳಗಿರುವ ಹೊತ್ತನ್ನು ಬೇರೆ ನಕ್ಷತ್ರಗಳ ಸ್ಥಾನದಿಂದ ಗುರುತಿಸಿ ಅರಬ್ ನಾವಿಕರು ಅಳೆಯುತ್ತಿದ್ದುದು ಇದಕ್ಕೇ. ಆ ಗುರುತನ್ನು ಆಟದ ಕೈಪಿಡಿಯಲ್ಲೇ ಕೊಡಿ, ಮುಚ್ಚಿಟ್ಟರೆ ಅನ್ಯಾಯ. ಸ್ವಾತಿ ನಕ್ಷತ್ರದ ಸ್ವಂತ ಚಲನೆಯನ್ನೂ ಸೇರಿಸಿ, ಐನೂರು ವರ್ಷದಲ್ಲಿ ಅದು ಡಿಗ್ರಿಯ ಮೂರನೇ ಒಂದು ಪಾಲು ಸರಿದಿದೆ.

ಉತ್ತರ 3: ಅಳತೆಗೆ ಕಮಾಲ್ ಇಡಿ. ಅದೊಂದು ಪುಟ್ಟ ಹಲಗೆ, ಅದರ ನಡುವಿನಿಂದ ಹೊರಟ, ಗಂಟು ಹಾಕಿದ ದಾರ. ಗಂಟನ್ನು ಹಲ್ಲಲ್ಲಿ ಕಚ್ಚಿ, ದಾರ ಬಿಗಿ ಮಾಡಿ, ಹಲಗೆಯ ಕೆಳಅಂಚು ಕ್ಷಿತಿಜಕ್ಕೆ, ಮೇಲಂಚು ನಕ್ಷತ್ರಕ್ಕೆ ತಾಗಿಸಬೇಕು. ಅಳತೆಯ ಘಟಕ ಇಸ್ಬಾ, ಅಂದರೆ ಬೆರಳು. ವೃತ್ತಕ್ಕೆ 224 ಬೆರಳು ಹಿಡಿದರೆ ಒಂದಕ್ಕೆ 1.607 ಡಿಗ್ರಿ, ಸುಮಾರು 96 ನಾಟಿಕಲ್ ಮೈಲಿ (ಮುಂದೆಯೂ ಮೈಲಿ ಅಂದರೆ ಅದೇ). ಈ ಲೆಕ್ಕದಲ್ಲಿ ಧ್ರುವಬಿಂದುವಿನ ಎತ್ತರ ಕೋಳಿಕ್ಕೋಡಿನಲ್ಲಿ 7 ಬೆರಳು, ಮಂಗಳೂರಿನಲ್ಲಿ 8. ಇಷ್ಟು ಚಂದದ ಅಂಕಿ ಸಿಕ್ಕಿರುವಾಗ ಡಿಗ್ರಿ ತೋರಿಸಲೇಬೇಡಿ.

ಫಲಿತಾಂಶವನ್ನು ಬೆರಳಿನ ಹತ್ತಿರದ ಕಾಲು ಭಾಗಕ್ಕೆ ಹೊಂದಿಸಿ ಕೊಡಿ, ಅಂದರೆ 24 ಮೈಲಿಯ ಮೆಟ್ಟಿಲು. ಕ್ಷಿತಿಜವೂ ನಕ್ಷತ್ರವೂ ಒಟ್ಟಿಗೆ ಕಾಣುವುದು ಮುಸ್ಸಂಜೆಯಲ್ಲಿ, ನಸುಕಿನಲ್ಲಿ. ಸೂರ್ಯ 6ರಿಂದ 12 ಡಿಗ್ರಿ ಕೆಳಗಿರುವ ಆ ಹೊತ್ತು ಈ ಅಕ್ಷಾಂಶದಲ್ಲಿ 25 ನಿಮಿಷದಷ್ಟೇ. ಬೆಳದಿಂಗಳಿದ್ದರೆ ರಾತ್ರಿಯೂ ಆದೀತು. ಆಟದ ನಿಜವಾದ ಹಿಡಿತ ಇಲ್ಲಿದೆ: ದಿನಕ್ಕೆ ಎರಡೇ ಅವಕಾಶ, ಅದರಲ್ಲೊಂದು ಮೋಡದ ಪಾಲು.

ಉತ್ತರ 4: ಒಂದು ಸರದಿ ಒಂದು ಗಂಟೆ, ವೇಗ 5 ನಾಟ್ (ಗಂಟೆಗೆ 5 ಮೈಲಿ), ಒಂದು ಚೌಕ 5 ಮೈಲಿ ಇಟ್ಟುಕೊಳ್ಳಿ. ಏಡನ್‌ನಿಂದ ಮಂಗಳೂರು ಸುಮಾರು 1,750 ಮೈಲಿ, 350 ಸರದಿ, ಹದಿನೈದು ದಿನ. ಸ್ಥಾನವನ್ನು ದಶಮಾಂಶದಲ್ಲೇ ಇಟ್ಟು, ಚೌಕವನ್ನು ಚಿತ್ರಕ್ಕೆ ಮಾತ್ರ ಬಳಸಿ. ಇಲ್ಲದಿದ್ದರೆ ಮೂಲೆಯಿಂದ ಮೂಲೆಗೆ ಹೋಗುವ ಹಡಗಿಗೆ ಶೇ 41 ವೇಗ ಪುಕ್ಕಟೆ.

ದ್ವೀಪಗಳನ್ನು ಹುಟ್ಟಿಸುವ ಗೋಜೇ ಬೇಡ, ಇದ್ದದ್ದೇ ಸಾಕು. ಏಡನ್ ಮಂಗಳೂರು ಹೆಚ್ಚುಕಡಿಮೆ ಒಂದೇ ಅಕ್ಷಾಂಶ, 12.8. ಬೆರಳೆಣಿಕೆ ಬದಲಾಗದಂತೆ ಮೂಡಣಕ್ಕೆ ಹೋಗುವುದೇ ತಂತ್ರ. ದಾರಿಗೆ ತಾಗಿದಂತೆ ತೆಂಕಕ್ಕೆ ಸೊಕೊಟ್ರಾ ದ್ವೀಪ. ಆಮೇಲೆ ಲಕ್ಷದ್ವೀಪದ ಚೆರ್ಬನಿಯಾನಿ ಬಂಡೆಸಾಲು: 12.3 ಉತ್ತರ, ದಾರಿಯಿಂದ ತೆಂಕಕ್ಕೆ 30 ಮೈಲಿ. ಕಾಲು ಬೆರಳಿನ ತಪ್ಪಿಗೆ ಒಂದು ದಿನದ ಕಡಲಿನ ಹರಿವು ಸೇರಿದರೆ ಹಡಗು ಬಂಡೆಯ ಮೇಲೆ. ಮಳೆಗಾಲದ ಕೊನೆಗೆ ಈ ಕರಾವಳಿಯ ಹರಿವು ತೆಂಕಕ್ಕೆ ಇರುವುದರಿಂದ ಬೇಕೆಂದೇ ಅರ್ಧ ಬೆರಳು ಬಡಗಕ್ಕೆ ಹಿಡಿದು ಬರುವುದು ಕ್ಷೇಮ. ದಡ ಕಂಡಾಗ ಊರು ಬಲಕ್ಕೋ ಎಡಕ್ಕೋ ಎಂಬ ಅನುಮಾನವೂ ಇರುವುದಿಲ್ಲ.

ದಡ ಹತ್ತಿರವಾದ ಸುಳಿವೂ ಕೊಡಿ. ನೀರಿನಲ್ಲಿ ಕಡಲಹಾವು ಕಂಡರೆ ಭಾರತದ ತೀರ ಸಮೀಪ ಅಂತ ಹಳೇ ನಾವಿಕರು ಎಣಿಸುತ್ತಿದ್ದರು. ಆಮೇಲೆ 1,894 ಮೀಟರಿನ ಕುದುರೆಮುಖ ಬೆಟ್ಟ. ಹವೆ ತಿಳಿಯಾಗಿದ್ದರೆ ದಡ ಕಾಣುವುದಕ್ಕೆ ಎಷ್ಟೋ ಮೊದಲೇ ಅದರ ತುದಿ ಏಳಬೇಕು.

ಉತ್ತರ 1, ಮತ್ತೆ: ಒಂದು ಬಿಟ್ಟುಹೋಗಿತ್ತು. ಹಡಗು ಮುಳುಗಿದ ಮೇಲೆ ಆಟಗಾರರು ಅಂದುಕೊಂಡ ದಾರಿ ಮತ್ತು ನಿಜವಾದ ದಾರಿ, ಎರಡು ಗೆರೆ ಎಳೆದು ತೋರಿಸಿ. ಪ್ರತಿ ಅಳತೆಯ ಜಾಗಕ್ಕೂ ಚುಕ್ಕಿ ಇಟ್ಟು ಓದಿದ ಬೆರಳು, ನಿಜವಾದ ಬೆರಳು ಪಕ್ಕಪಕ್ಕ ಬರೆಯಿರಿ. ಎರಡು ಗೆರೆ ಯಾವ ಸಂಜೆ ಬೇರೆಯಾದವು ಅಂತ ಕಣ್ಣಿಗೆ ಕಂಡರೆ ಅದೃಷ್ಟದ ದೂರು ಅಲ್ಲಿಗೆ ನಿಲ್ಲುತ್ತದೆ.