ರೈನಿ ನದಿಗೆ ಏಪ್ರಿಲ್‌ನಲ್ಲಿ ವಾಲೈ ಹಿಡಿಯೋಕೆ: ಹೋಗಿ ಬಂದವರು ಹೇಳಿ

ಏಪ್ರಿಲ್ ಮೊದಲ ವಾರ ನಾನೂ ಗೆಳೆಯನೂ ಮಿನಿಯಾಪೊಲಿಸ್‌ನಿಂದ ಮಿನ್ನೆಸೋಟ-ಕೆನಡಾ ಗಡಿಯ ರೈನಿ ನದಿಗೆ ಹೊರಟಿದ್ದೀವಿ, ವಾಲೈ ಮೀನಿಗೆ. 16 ಅಡಿಯ ಅಲ್ಯೂಮಿನಿಯಂ ಬೋಟ್ ಇದೆ. ಬೇಸಿಗೆಯಲ್ಲಿ ಸರೋವರದಲ್ಲಿ ಗಾಳ ಹಾಕಿ ಗೊತ್ತು, ಹಿಮ ಕರಗೋ ಹೊತ್ತಿನ ಹರಿಯೋ ನೀರು ಇಬ್ಬರಿಗೂ ಹೊಸದು. ಎಲ್ಲಿ ಬೋಟ್ ಇಳಿಸೋದು, ಜಿಗ್ (ಭಾರದ ತಲೆ ಇರೋ ಗಾಳ) ಎಷ್ಟು ಭಾರದ್ದಿರಬೇಕು, ಇನ್ನೇನು ತಿಳ್ಕೊಂಡಿರಬೇಕು? ಅನುಭವ ಇದ್ದವರು ದಯವಿಟ್ಟು ಬರೀರಿ.

*

ಆರು ವರ್ಷದಿಂದ ಹೋಗ್ತಿದ್ದೀನಿ. ಮೊದಲನೇ ಮಾತು, ಕ್ಯಾಲೆಂಡರ್ ನೋಡಿ ರಜೆ ಹಾಕಬೇಡಿ. ನಮ್ಮ ತೀರ್ಥಹಳ್ಳಿ ಕಡೆ ಮುಂಗಾರಿನ ಮೊದಲ ದೊಡ್ಡ ಮಳೆಗೆ ಹತ್ತುಮೀನು ಹಳ್ಳ ಏರಿ ಗದ್ದೆಗೆ ಬರುತ್ತಲ್ಲ, ಅದಕ್ಕೆ ಯಾರಾದ್ರೂ ತಾರೀಖು ಗೊತ್ತು ಮಾಡ್ತಾರಾ? ರಾತ್ರಿ ಹೆಂಚಿನ ಮೇಲೆ ಮಳೆ ಸದ್ದು ಕೇಳಿ ಎದ್ದು ಹೋಗ್ತಾರೆ. ಇಲ್ಲೂ ಹಾಗೇ. ಲೇಕ್ ಆಫ್ ದ ವುಡ್ಸ್ ಸರೋವರದ ವಾಲೈ ಮೊಟ್ಟೆ ಇಡೋಕೆ ಈ ನದಿ ಏರುತ್ತೆ. ನೀರು 42 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ ಮೇಲೆ, ಜಲ್ಲಿಕಲ್ಲಿನ ತಳದಲ್ಲಿ, ಹೆಚ್ಚಾಗಿ ಕತ್ತಲಾದ ಮೇಲೆ ಮೊಟ್ಟೆ ಇಡುತ್ತೆ. ನೀವು ಹೋಗೋ ಹೊತ್ತಿಗೆ ನೀರು 34, 36 ಇರಬಹುದು. ಆಗ ಮೀನು ರಭಸ ತಪ್ಪಿಸಿಕೊಂಡು, ಗುಂಡಿಯ ಅಂಚಲ್ಲಿ, ವೇಗದ ನೀರೂ ನಿಧಾನದ ನೀರೂ ಸೇರೋ ಗೆರೆಯಲ್ಲಿ ತಳಕ್ಕೆ ಅಂಟಿಕೊಂಡು ನಿಂತಿರುತ್ತೆ.

ನದಿ ಮೇಲಿನ ಐಸ್, ಇಂಟರ್‌ನ್ಯಾಷನಲ್ ಫಾಲ್ಸ್ ಅಣೆಕಟ್ಟಿನ ಕೆಳಗಿನಿಂದ ಶುರುವಾಗಿ ಪಶ್ಚಿಮಕ್ಕೆ ಬಿಡ್ತಾ ಬರುತ್ತೆ. ಹಾಗಾಗಿ ಮೊದಲ ದಿನಗಳಲ್ಲಿ ಎಲ್ಲರೂ ಬೋಟ್ ಇಳಿಸೋಕೆ ಬರ್ಚ್‌ಡೇಲ್ ರ‍್ಯಾಂಪಿಗೇ ಮುಗಿಬೀಳೋದು. ಶನಿವಾರ ಬೆಳಗಾಗೋ ಮುಂಚೆ ಹೆದ್ದಾರಿ 11ರಿಂದ ಒಳಗೆ ಟ್ರೇಲರ್ ಸಾಲು ಸಂತೆಗೆ ಹೊರಟ ಗಾಡಿಗಳ ಹಾಗೆ ನಿಂತಿರುತ್ತೆ. ಆದ್ರೆ ಮಂಗಳವಾರ ಬುಧವಾರ ಆರಾಮ.

ನಿಜವಾಗಿ ಕೆಡಿಸೋದು ಐಸ್ ಅಲ್ಲ, ಕೆಸರು. ಮಿನ್ನೆಸೋಟ ಕಡೆಯಿಂದ ಲಿಟಲ್ ಫೋರ್ಕ್, ಬಿಗ್ ಫೋರ್ಕ್ ಅಂತ ಎರಡು ಉಪನದಿ ಬಂದು ಸೇರುತ್ತೆ, ಎರಡೂ ಬರ್ಚ್‌ಡೇಲ್‌ಗಿಂತ ಮೇಲೆ. ಅವುಗಳ ಮೇಲಿನ ಐಸ್ ಒಡೆದ ದಿನ ರೈನಿ ನೀರು ಗಟ್ಟಿ ಚಹಾ ಆಗಿಬಿಡುತ್ತೆ, ಜೊತೆಗೆ ಇಡೀ ಮರದ ದಿಮ್ಮಿ ತೇಲಿ ಬರುತ್ತೆ. ಹೊರಡೋ ಹಿಂದಿನ ದಿನ ಅಲ್ಲಿನ ಎರೆ ಅಂಗಡಿಗೆ ಫೋನ್ ಮಾಡಿ, ಮೀನು ಸಿಗ್ತಿದೆಯಾ ಅಂತಲ್ಲ, ಲಿಟಲ್ ಫೋರ್ಕ್ ಒಡೀತಾ ಅಂತ ಕೇಳಿ. ಒಡೆದಿದ್ರೆ ಎರಡು ದಾರಿ: ಟ್ರಿಪ್ ಮುಂದಕ್ಕೆ ಹಾಕಿ, ಇಲ್ಲ ಉಪನದಿ ಸೇರೋ ಜಾಗಕ್ಕಿಂತ ಮೇಲೆ ಹೋಗಿ, ಅಲ್ಲಿ ರೈನಿ ಸರೋವರದ ನೀರು ತಿಳಿಯಾಗೇ ಇರುತ್ತೆ.

*

ಜಿಗ್ ಬಗ್ಗೆ ನಾ ಹೇಳ್ತೀನಿ ನೋಡ್ರಿ. ಕಾಲು ಔನ್ಸ್ ಮತ್ತ 3/8 ಔನ್ಸ್, ಎರಡೂ ಇಟ್ಕೋರಿ. ಜಿಗ್ ತಳಕ್ಕ ಟಕ್ ಅಂತ ಬಡದದ್ದು ಕೈಗೆ ಗೊತ್ತಾಗಬೇಕು, ಗೊತ್ತಾಗಲಿಲ್ಲಂದ್ರ ಭಾರ ಸಾಲಂಗಿಲ್ಲ, ಅಷ್ಟ ಲೆಕ್ಕ. ಮೊದಲ ವರ್ಷ ನಾ ಬ್ಯಾಸಿಗಿ ಚಟದಾಗ 1/8 ಔನ್ಸ್ ಹಾಕ್ಕೊಂಡು ಅರ್ಧ ದಿನ ನಡುನೀರಾಗ ಜಿಗ್ ಈಜಾಡಿಸೀನಿ, ಒಂದೂ ಮೀನು ಮೂಸಿ ನೋಡಲಿಲ್ಲ.

ಬೋಟ್ ನೀರಿನ ವೇಗಕ್ಕ ಸರಿಯಾಗಿ ಹರದು ಹೋಗಬೇಕು, ಮುಂದಿನ ಎಲೆಕ್ಟ್ರಿಕ್ ಮೋಟಾರಿಲೆ ಹಿಡಕೋರಿ. ದಾರ ನೆಟ್ಟಗ ಕೆಳಗ ನಿಂತಿರಬೇಕು, ಓರೆ ಆತಂದ್ರ ಮೀನು ಕಚ್ಚಿದ್ದು ತಿಳಿಯಂಗಿಲ್ಲ. ಜಿಗ್ ಒಂದು ಗೇಣು ಎತ್ತರಿ, ನಿಧಾನ ಇಳಸ್ರಿ, ತಳ ಮುಟ್ಟಿ ಹಂಗ ಬಿಡ್ರಿ. ಇಷ್ಟು ತಣ್ಣೀರಾಗ ಅದು ಜಗ್ಗಂಗಿಲ್ಲ, ಯಾರೋ ಒದ್ದಿ ಅರಿವಿ ದಾರಕ್ಕ ಸಿಗಿಸಿದಂಗ ಭಾರ ಅನಸ್ತದ. ಅನಿಸಿದ ಕೂಡ್ಲೆ ಎತ್ತರಿ.

ಎರೆ ಅಂದ್ರ ಫ್ರೋಜನ್ ಎಮರಾಲ್ಡ್ ಶೈನರ್ ಅನ್ನೋ ಸಣ್ಣ ಮೀನು, ಮುಂದ ಮಾತಿಲ್ಲ. ಬಾಯಾಗಿಂದ ಗಾಳ ಹಾಕಿ ಕಿವಿರಿನಿಂದ ತಗದು, ಮತ್ತ ಬೆನ್ನಾಗ ಚುಚ್ಚಿ ಜಿಗ್‌ಗೆ ಒತ್ತಿ ಕೂಡಸ್ರಿ. ಕೆಸರು ನೀರಿಗೆ ಗಿಣಿಹಸಿರು, ಕೇಸರಿ, ಗುಲಾಬಿ ಬಣ್ಣ.

*

ಮೇಲಿನವರು ಶೈನರ್ ಅಂದ್ರೆ ಮುಂದೆ ಮಾತಿಲ್ಲ ಅಂದಿದ್ದಾರೆ, ನನಗೆ ಮಾತಿದೆ. ನಾಲ್ಕು ಇಂಚಿನ ಪ್ಲಾಸ್ಟಿಕ್ ಎರೆ ಹಾಕಿ ಅಷ್ಟೇ ಮೀನು ಹಿಡಿದಿದ್ದೇನೆ, ಗ್ಲೌಸ್ ಬಿಚ್ಚಿ ಹೆಪ್ಪುಗಟ್ಟಿದ ಮೀನು ಪೋಣಿಸೋ ಕಷ್ಟ ಇಲ್ಲ. ದಾರದ ಬಗ್ಗೆ ಯಾರೂ ಹೇಳಲಿಲ್ಲ. ಹೆಣೆದ ದಾರ ನೀರು ಹೀರಿ, ಕೋಲಿನಲ್ಲಿ ದಾರ ಹಾಯೋ ಬಳೆಗಳಲ್ಲಿ ಐಸ್ ಕಟ್ಟುತ್ತೆ. ಬೆಳಗಿನ ಚಳಿಗೆ ಒಂದು ಕೋಲಿಗಾದರೂ ಮೋನೋ (ಒಂಟಿ ಎಳೆಯ ನೈಲಾನ್) ದಾರ ಸುತ್ತಿಕೊಂಡು ಹೋಗಿ.

*

ಬೇಸರದ ವಿಷಯ ನಾನೇ ಹೇಳ್ತೇನೆ. ನಾವು ಮೂರು ಜನ, ಮಲ್ಪೆ ಕಡೆಯವರು, ನೀರು ಅಂದ್ರೆ ಹೆದರಿಕೆ ಇಲ್ಲ ಅಂತ ಜಂಬ. ಮೀನು ಸಿಗುವ ಗುಂಡಿ ಕಂಡು ಲಂಗರು ಹಾಕಿ ಕೂತೆವು. ಮೇಲಿಂದ ಅಡುಗೆಮನೆಯಷ್ಟು ಅಗಲದ ಐಸ್ ಹಲಗೆ ಬಂದು ಲಂಗರಿನ ಹಗ್ಗಕ್ಕೆ ಕೂತಿತು. ಬೋಟಿನ ಮೂತಿ ಕೆಳಗೆ, ನೀರು ಒಳಗೆ. ಹಗ್ಗದ ಗಂಟು ನೆನೆದು ಐಸಾಗಿ ಕಲ್ಲಿನಂತೆ ಗಟ್ಟಿ. ಮೀನು ಕೊಯ್ಯುವ ಚೂರಿ ಸೊಂಟದಲ್ಲಿತ್ತು, ಹಗ್ಗ ಕೊಯ್ದೆ, ಲಂಗರು ಈಗಲೂ ಅಲ್ಲೇ ಉಂಟು. ಐಸ್ ತೇಲುವಾಗ ಲಂಗರೇ ಬೇಡ. ಬೇಕೇ ಬೇಕಾದ್ರೆ ಮೂತಿಯಿಂದ ಮಾತ್ರ, ಹಿಂದಿನಿಂದ ಯಾವತ್ತೂ ಅಲ್ಲ.

ಲೈಫ್ ಜಾಕೆಟ್ ಸೀಟಿನ ಕೆಳಗಲ್ಲ, ಮೈಮೇಲೆ. ಆ ನೀರಿಗೆ ಬಿದ್ರೆ ಮೊದಲ ನಿಮಿಷ ಉಸಿರೇ ಹಿಡಿತಕ್ಕೆ ಸಿಗೋದಿಲ್ಲ, ಹತ್ತು ನಿಮಿಷದಲ್ಲಿ ಬೆರಳು ಮಾತು ಕೇಳೋದಿಲ್ಲ. ಈಜು ಬರ್ತದೋ ಇಲ್ಲವೋ ಅನ್ನೋದು ಅಲ್ಲಿ ಲೆಕ್ಕಕ್ಕಿಲ್ಲ. ರ‍್ಯಾಂಪಲ್ಲಿ ಟ್ರೇಲರಿಂದ ಸುರಿದ ನೀರೂ ಐಸಾಗಿರ್ತದೆ, ಒಂದು ಬಕೆಟ್ ಮರಳು ಇಟ್ಕೊಳ್ಳಿ.

*

ನಿಯಮದ ಮಾತು ಯಾರೂ ಎತ್ತಲಿಲ್ಲ. ರೈನಿಯಲ್ಲಿ 2019ರಿಂದ ಮಾರ್ಚ್ 1ರಿಂದ ಏಪ್ರಿಲ್ 14ರವರೆಗೆ ವಾಲೈ ಹಿಡಿದು ಬಿಡಲೇಬೇಕು, ಒಂದನ್ನೂ ಇಟ್ಟುಕೊಳ್ಳೋ ಹಾಗಿಲ್ಲ. ಆಮೇಲೆ ಮೇ ತಿಂಗಳವರೆಗೆ ಬಂದ್. ಹೊಟ್ಟೆ ತುಂಬ ಮೊಟ್ಟೆ ಇರೋ ಹೆಣ್ಣುಗಳು, ಆದ್ದರಿಂದ ಗಾಳದ ತುದಿಯ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿಬಿಡಿ, ಕೈ ಒದ್ದೆ ಮಾಡಿಕೊಂಡು ಹಿಡೀರಿ, ಫೋಟೊ ಒಂದೇ ಸಾಕು. ಮಿನ್ನೆಸೋಟ ಲೈಸೆನ್ಸ್ ವರ್ಷ ಮಾರ್ಚ್ 1ಕ್ಕೆ ಶುರು, ಹೋದ ಬೇಸಿಗೆಯದು ನಡೆಯಲ್ಲ. ನದಿಯ ಆಚೆ ದಡ ಕೆನಡಾ. ನಡುವಿನ ಗಡಿ ಗೆರೆ ನೀರಿನ ಮೇಲೆ ಕಾಣಲ್ಲ, ಜಿಪಿಎಸ್‌ನಲ್ಲಿ ಮಾತ್ರ. ಆಚೆ ಗಾಳ ಹಾಕೋಕೆ ಒಂಟಾರಿಯೋ ಲೈಸೆನ್ಸ್ ಬೇಕು. ವೀಸಾ ಮೇಲಿರೋರು ದಕ್ಷಿಣದ ಅರ್ಧದಲ್ಲೇ ಇದ್ದುಬಿಡಿ ಅನ್ನೋದು ನನ್ನ ಸಲಹೆ, ಅಲ್ಲೂ ಮೀನು ಅಷ್ಟೇ ಇದೆ.

*

ಕೇಳಿದವನು ನಾನೇ, ಹೋಗಿ ಬಂದ್ವಿ. ಲಿಟಲ್ ಫೋರ್ಕ್ ಇನ್ನೂ ಒಡೆದಿಲ್ಲ ಅಂತ ಅಂಗಡಿಯವರು ಹೇಳಿದ್ದಕ್ಕೆ ಸೋಮವಾರವೇ ಹೊರಟ್ವಿ. ಮೊದಲ ದಿನ ಮಧ್ಯಾಹ್ನದವರೆಗೆ ಏನೂ ಇಲ್ಲ. 3/8ಕ್ಕೆ ಬದಲಾಯಿಸಿದ ಮೇಲೆ ಆ ಟಕ್ ಗೊತ್ತಾಯ್ತು, ಒದ್ದೆ ಬಟ್ಟೆ ಭಾರವೂ ಗೊತ್ತಾಯ್ತು. ಎರಡು ದಿನಕ್ಕೆ ಇಬ್ಬರಿಂದ ಹದಿನಾಲ್ಕು, ದೊಡ್ಡದು 25 ಇಂಚು. ಪ್ಲಾಸ್ಟಿಕ್ಕಿಗೆ ಬಂದಿದ್ದು ಎರಡೇ. ಬೋಡೆಟ್ ಊರಲ್ಲಿರೋ 40 ಅಡಿಯ ವಾಲೈ ಪ್ರತಿಮೆ ಹತ್ತಿರ ಫೋಟೊ ತಗೊಂಡು ಬಂದ್ವಿ, ಮನೆಗೆ ತೋರಿಸೋಕೆ ಅದೊಂದೇ ಮೀನು.

ಇನ್ನೊಂದು ಪ್ರಶ್ನೆ: ಉಳಿದ ಶೈನರ್ ಪ್ಯಾಕೆಟ್ ಫ್ರೀಜರಲ್ಲಿ ತುರಿದ ಕಾಯಿ ಪಕ್ಕ ಇಟ್ಟಿದ್ದೀನಿ. ಮೇ ತಿಂಗಳಲ್ಲಿ ವಾಲೈ ಸೀಸನ್ ಶುರುವಾಗೋವರೆಗೆ ಕೆಡದೆ ಇರುತ್ತಾ? ಮನೆಯವಳು ಇನ್ನೂ ನೋಡಿಲ್ಲ.