ನಾಸ್ತಿಕ ಗೆಳೆಯನಿಗೆ ಏನಂತ ಉತ್ತರ ಕೊಡಲಿ?

ವೈಂಡಿಂಗ್ ಅಂಗಡಿ, ಮಂಡ್ಯ:
ಮಂಡ್ಯದಲ್ಲಿ ನನ್ನದೊಂದು ಮೋಟರ್ ವೈಂಡಿಂಗ್ ಅಂಗಡಿ ಇದೆ. ನಾವು ಕಥೋಲಿಕರು. ಹೈಸ್ಕೂಲಿನಿಂದ ಜೊತೆಗಿರುವ ಗೆಳೆಯನೊಬ್ಬ ಈಗ ವಿಜ್ಞಾನದ ಮೇಷ್ಟ್ರು. ದೇವರು ಅಂದರೆ ನಂಬುವುದಿಲ್ಲ. ಸಂಜೆ ಸ್ಕೂಲು ಮುಗಿಸಿ ಬಂದು ನನ್ನ ಸ್ಟೂಲ್ ಮೇಲೆ ಕೂರುತ್ತಿದ್ದ. ಟೀ ಬರುತ್ತಿತ್ತು, ವಾದ ಶುರುವಾಗುತ್ತಿತ್ತು. ಹದಿನೈದು ವರ್ಷ ಹೀಗೇ ನಡೆದಿತ್ತು.

ಒಂದು ದಿನ ಯಾರದೋ ಕಬ್ಬಿನ ಗದ್ದೆಯ 5 ಎಚ್‌ಪಿ ಮೋಟರ್ ಬಿಚ್ಚಿದ್ದೆ. ಒಳಗಿನ ತಂತಿಯೆಲ್ಲ ಸುಟ್ಟು ಕರ್ರಗಾಗಿತ್ತು. ಹೊಸ ಕಾಯಿಲ್‌ಗಳನ್ನು ಒಂದೊಂದೇ ಸ್ಲಾಟ್‌ಗೆ ಇಳಿಸುತ್ತಾ, "ನೋಡು, 24 ಸ್ಲಾಟ್. ಒಂದು ಕನೆಕ್ಷನ್ ತಪ್ಪಿದರೂ ಕೆಲಸ ಕೆಟ್ಟಿತು. ಇದು ತಾನಾಗೇ ಆಗುತ್ತಾ? ಇನ್ನು ಇಡೀ ಲೋಕ?" ಅಂದೆ. ಅವನು ಟೀ ಲೋಟ ಕೆಳಗಿಟ್ಟ. "ಸರಿ ಕಣಯ್ಯಾ, ಸುತ್ತಿದವನನ್ನು ಯಾರು ಸುತ್ತಿದ್ದು?" ಅಂದ. ನನಗೆ ಮಾತು ಹೊರಡಲಿಲ್ಲ. ಯೇಸು ಅನ್ನುವವನೇ ಇರಲಿಲ್ಲ, ಎಲ್ಲ ಕಟ್ಟುಕತೆ ಅಂತಲೂ ಹೇಳುತ್ತಿದ್ದ.

ಅದೆಲ್ಲ ಇರಲಿ. ಹೋದ ಆಷಾಢದಲ್ಲಿ ಅವನ ಹೆಂಡತಿ ತೀರಿಕೊಂಡರು. ಜ್ವರ ಬಂದು ಆರೇ ದಿನ. ಎರಡು ವಾರ ಬಿಟ್ಟು ಅಂಗಡಿಗೆ ಬಂದ. "ಆವತ್ತು ನಿನ್ನ ದೇವರು ಎಲ್ಲಿದ್ದ?" ಅಂತ ಕೇಳಿದ. ನಾನು "ದೇವರ ಚಿತ್ತ ಕಣೋ" ಅಂದುಬಿಟ್ಟೆ. ಟೀ ಮುಟ್ಟದೆ ಎದ್ದುಹೋದ. ಆಮೇಲೆ ಈ ಕಡೆ ತಲೆ ಹಾಕಿಲ್ಲ. ಸ್ಟೂಲ್ ಹಾಗೇ ಇದೆ.

ನನ್ನ ವಿಶ್ವಾಸವನ್ನೂ ಬಿಡಲಾರೆ, ಅವನನ್ನೂ ಬಿಡಲಾರೆ. ಏನು ಹೇಳಲಿ?

ಗಂಜಾಂ ಹಳಬ:
ತಮ್ಮಾ, ನಾನು ಇತಿಹಾಸ ಪಾಠ ಮಾಡಿ ನಿವೃತ್ತನಾದವನು. ಕಟ್ಟುಕತೆ ಅನ್ನುವ ಮಾತಿಗೆ ಧೈರ್ಯವಾಗಿ ಉತ್ತರ ಕೊಡಿ. ಟ್ಯಾಸಿಟಸ್ ಅಂತ ರೋಮಿನ ಇತಿಹಾಸಕಾರ. ಕ್ರೈಸ್ತರನ್ನು ಕಂಡರೆ ಅವನಿಗೆ ಆಗುತ್ತಲೇ ಇರಲಿಲ್ಲ. ಅವನೇ ಕ್ರಿ.ಶ. 116ರ ಸುಮಾರಿಗೆ ಬರೆದಿದ್ದಾನೆ: ತಿಬೇರಿಯಸ್ ಚಕ್ರವರ್ತಿ ಆಳುತ್ತಿದ್ದಾಗ ರೋಮಿನ ಅಧಿಕಾರಿ ಪಿಲಾತನ ಕೈಯಲ್ಲಿ ಕ್ರಿಸ್ತನಿಗೆ ಮರಣದಂಡನೆ ಆಯಿತು ಅಂತ. ಯೆಹೂದಿ ಇತಿಹಾಸಕಾರ ಜೋಸೆಫಸ್ ಯೇಸುವಿನ ಸಹೋದರ ಯಾಕೋಬನ ಸಾವಿನ ವಿಷಯ ಬರೆದಿದ್ದಾನೆ. ಇಲ್ಲದವನಿಗೆ ಸಹೋದರ ಎಲ್ಲಿಂದ ಬರುತ್ತಾನೆ? ಆದರೆ ಇದರಿಂದ ಪುನರುತ್ಥಾನ, ಅಂದರೆ ಸತ್ತ ಯೇಸು ಮತ್ತೆ ಎದ್ದು ಬಂದದ್ದು, ಸಾಬೀತಾಯಿತು ಅನ್ನಬೇಡಿ. ಅದು ಬೇರೆ ಮಾತು. ಕ್ರಿಸ್ತ ಎದ್ದು ಬರದಿದ್ದರೆ ನಮ್ಮ ವಿಶ್ವಾಸವೇ ವ್ಯರ್ಥ ಅಂತ ಯೇಸುವಿನ ಪ್ರೇಷಿತ ಪೌಲನೇ ಕೊರಿಂಥ ಊರಿನ ಕ್ರೈಸ್ತರಿಗೆ ಬರೆದ. ಅಷ್ಟು ನೇರವಾಗಿ ನೀವೂ ಒಪ್ಪಿಕೊಳ್ಳಿ.

ಮೋಟರ್ ಉದಾಹರಣೆ ಬಿಟ್ಟುಬಿಡಿ. ಶುರುವಾದದ್ದಕ್ಕೆ ಕಾರಣ ಕೇಳಬಹುದು. ಶುರುವೇ ಇಲ್ಲದವನನ್ನು ತಾನೇ ನಾವು ದೇವರು ಅನ್ನುವುದು? ಅವನು ಇನ್ನೂ ದೊಡ್ಡ ಮೆಕ್ಯಾನಿಕ್ ಅಲ್ಲ. ವಿಶ್ವ ಹಿಗ್ಗುತ್ತಿದೆ ಅಂತ 1927ರಲ್ಲಿ ಲೆಕ್ಕ ಹಾಕಿ ತೋರಿಸಿದ ಲೆಮೆತ್ರ್ ಬೆಲ್ಜಿಯಂನ ಕಥೋಲಿಕ ಪಾದ್ರಿ. ಅವರೂ ತಮ್ಮ ಭೌತಶಾಸ್ತ್ರವನ್ನು ದೇವರಿಗೆ ಸಾಕ್ಷಿ ಮಾಡಿ ನಿಲ್ಲಿಸಲು ಒಪ್ಪಲಿಲ್ಲ.

ಸರಸ್ವತಿಪುರಂ ಓದುಗ:
ನಾನು ನಾಸ್ತಿಕ. ಯೇಸು ಬದುಕಿದ್ದ ಅನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ಸಾರ್, ಶುರುವೇ ಇಲ್ಲದ್ದು ಒಂದು ಇರಬಹುದಾದರೆ ಅದು ವಿಶ್ವವೇ ಯಾಕಾಗಬಾರದು? ನನಗೆ ಇದು ಇನ್ನೂ ಬಗೆಹರಿದಿಲ್ಲ.

ಅಂಗಡಿಯವರಿಗೆ ಒಂದು ಮಾತು. ನಮ್ಮಪ್ಪ ತೀರಿಕೊಂಡಾಗ ನನಗೆ ಜಾಸ್ತಿ ನೋವು ಕೊಟ್ಟದ್ದು "ಎಲ್ಲ ಒಳ್ಳೆಯದಕ್ಕೇ" ಅನ್ನುವ ಮಾತು. ನಿಮ್ಮ ಗೆಳೆಯರು ಆವತ್ತು ವಾದಕ್ಕೆ ಬಂದಿರಲಿಲ್ಲ. ಗೆಳೆಯ ಅಂತ ನಿಮ್ಮ ಹತ್ತಿರ ಬಂದಿದ್ದರು.

ಮೈಸೂರು ಸಿಸ್ಟರ್:
ಅಣ್ಣಾ, ನಾನು ಸಿಎಸ್‌ಐ (ದಕ್ಷಿಣ ಭಾರತದ ಪ್ರೊಟೆಸ್ಟಂಟ್ ಚರ್ಚ್) ಸಭೆಯವಳು, ನರ್ಸ್. ರಾತ್ರಿ ಪಾಳಿಯಲ್ಲಿ ಎಷ್ಟೋ ಜನ ನನ್ನ ಕೈ ಹಿಡಿದು ಇದೇ ಪ್ರಶ್ನೆ ಕೇಳಿದ್ದಾರೆ. ಬೈಬಲಿನಲ್ಲಿ ಯೋಹಾನನ ಸುವಾರ್ತೆಯ 11ನೇ ಅಧ್ಯಾಯ ತೆಗೆದು ಓದಿ. ಲಾಜರ ಸತ್ತು ನಾಲ್ಕು ದಿನವಾಗಿದೆ. "ನೀನು ಇಲ್ಲಿದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ" ಅಂತ ಅವನ ಅಕ್ಕಂದಿರಾದ ಮಾರ್ಥಳೂ ಯೇಸುವಿಗೆ ಹೇಳುತ್ತಾಳೆ, ಮರಿಯಳೂ ಹೇಳುತ್ತಾಳೆ. ನಿಮ್ಮ ಗೆಳೆಯ ಕೇಳಿದ್ದೂ ಅದನ್ನೇ ಅಲ್ವಾ? ಯೇಸು ಅವರನ್ನು ಬೈಯಲಿಲ್ಲ. ಮರಿಯ ಅಳುವುದನ್ನು ನೋಡಿ ತಾನೂ ಅತ್ತ. ಇನ್ನು ಸ್ವಲ್ಪ ಹೊತ್ತಿಗೆ ಲಾಜರನನ್ನು ಎಬ್ಬಿಸುವವನು, ಆದರೂ ಅತ್ತ.

ಕೇಳಿದವರಿಗೆ ಉತ್ತರ ಕೊಡಲು ಸಿದ್ಧವಾಗಿರಿ ಅಂತ ಯೇಸುವಿನ ಶಿಷ್ಯ ಪೇತ್ರ ಬರೆದದ್ದನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ವಿನಯದಿಂದ, ಗೌರವದಿಂದ ಅಂತ ಅಲ್ಲೇ ಮುಂದೆ ಇದೆ. ಅದನ್ನು ಬಿಟ್ಟುಬಿಡುತ್ತಾರೆ. ನೀವೇ ಅವರ ಮನೆಗೆ ಹೋಗಿ, ಅಣ್ಣಾ. ಬೈಬಲ್ ತಗೊಂಡು ಹೋಗಬೇಡಿ.

ವೈಂಡಿಂಗ್ ಅಂಗಡಿ, ಮಂಡ್ಯ:
ಭಾನುವಾರ ಪೂಜೆ ಮುಗಿಸಿ ಸೀದಾ ಅವನ ಮನೆಗೆ ಹೋದೆ. "ಆವತ್ತು ನಾನು ಹಾಗೆ ಅನ್ನಬಾರದಿತ್ತು. ನಿನ್ನ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಆದರೂ ದೇವರು ಇದ್ದಾನೆ ಅಂತಲೇ ನಂಬುತ್ತೇನೆ" ಅಂದೆ. ಅವನು ಏನೂ ಹೇಳಲಿಲ್ಲ. ಒಳಗೆ ಹೋಗಿ ಕಾಫಿ ಮಾಡಿಕೊಂಡು ಬಂದ. ಸಕ್ಕರೆ ಎರಡು ಪಾಲು ಬಿದ್ದಿತ್ತು. ಮೊದಲೆಲ್ಲ ಅವನ ಮನೆಯಲ್ಲಿ ಕಾಫಿ ಮಾಡುತ್ತಿದ್ದದ್ದು ಅವನ ಹೆಂಡತಿ. ಇಬ್ಬರೂ ಜಗಲಿ ಮೇಲೆ ಕೂತು ಕುಡಿದೆವು. ಅವರ ವಿಷಯ ಮಾತಾಡುತ್ತಾ ಮಧ್ಯಾಹ್ನವಾಯಿತು. ಅವನು ಅತ್ತ, ನಾನೂ ಅತ್ತೆ.

ಹೊರಡುವಾಗ ಟ್ಯಾಸಿಟಸ್ ವಿಷಯ ಸುಮ್ನೆ ಹೇಳಿದೆ. "ಎಲ್ಲಿ ಬರೆದಿದ್ದಾನೆ, ತೋರಿಸು" ಅಂದ. ಗಂಜಾಂ ಸಾರ್, ಅದು ಕನ್ನಡದಲ್ಲಿ ಸಿಗುತ್ತಾ? ನಾಳೆ ಸಂಜೆ ಅಂಗಡಿಗೆ ಬರುತ್ತೇನೆ ಅಂದಿದ್ದಾನೆ.